ಕಂಪ್ಯೂಟರಿನ ಬಾಗಿಲಲ್ಲಿ ‘ನಾಳೆ ಬಾ’

1990ರ ದಶಕದಲ್ಲಿ ನಮ್ಮ ಕಡೆ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಮಕ್ಕಳೇ, ನಂಬಿಕೆ ಬರದಿದ್ದರೆ ನಿಮ್ಮ ಅಪ್ಪ ಅಮ್ಮನನ್ನು ಕೇಳಿ. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದಂತೆ. ಮಾರನೇ ರಾತ್ರಿಯೂ ಅದೇ ಬರಹ! ಅಮ್ಮನ ಒತ್ತಾಯಕ್ಕೆ ನಾನೂ ಸೀಮೆಸುಣ್ಣ ಹಿಡಿದಿದ್ದೆ. ದೆವ್ವಕ್ಕೆ ಓದು ಬರುತ್ತದೆಯೇ ಎಂದು ಕೇಳಿ ಬೈಸಿಕೊಂಡೂ ಇದ್ದೆ.

ಮೊನ್ನೆ ಮೊಮ್ಮಗಳು ನನ್ನ ಲ್ಯಾಪ್‌ಟಾಪ್ ತೆರೆದವಳೇ, “ತಾತ, ಇದು ಅಪ್‌ಡೇಟ್ ಆಗಿ ಮೂರು ತಿಂಗಳಾಯಿತಲ್ಲ!” ಎಂದಳು. ಹೌದು, ಆ ಸೂಚನೆ ಬಂದಾಗಲೆಲ್ಲ ನಾನು ‘ಆಮೇಲೆ’ ಎಂಬುದನ್ನೇ ಒತ್ತುತ್ತಿದ್ದೆ. “ಕಳ್ಳರಿಗೆ ನನ್ನ ಪೆಟ್ಟಿಗೆಯಲ್ಲಿ ಏನು ಸಿಗುತ್ತದೆ?” ಎಂದೆ. “ಅಜ್ಜಿ ಫೋಟೋ?” ಎಂದಳು.

ನಾನು ಸುಮ್ಮನಾದೆ. ಅವಳ ಅಜ್ಜಿ ತೀರಿಕೊಂಡು ನಾಲ್ಕು ವರ್ಷ. ಫೋಟೋಗಳೆಲ್ಲ ಅದೊಂದರಲ್ಲೇ ಇವೆ.

ಆಮೇಲೆ ಅವಳು ‘ವನ್ನಾಕ್ರೈ’ ಕಥೆ ಹೇಳಿದಳು. ನಾನೂ ಓದಿ ನೋಡಿದೆ. ವಿಂಡೋಸ್‌ನಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಉಚಿತವಾಗಿ! ಹಾಕಿಕೊಳ್ಳದವರು ಲೆಕ್ಕವಿಲ್ಲದಷ್ಟು ಜನ. 59 ದಿನಗಳ ನಂತರ, ಮೇ 12ರಂದು, ಅದೇ ತೂತಿನಿಂದ ದುಷ್ಟ ತಂತ್ರಾಂಶವೊಂದು ನುಗ್ಗಿತು. ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಡಿತು. ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು 300 ಡಾಲರ್ ಕೊಡಿ ಎಂದಿತು. ಸುಮಾರು 150 ದೇಶಗಳು ತತ್ತರಿಸಿದವು. ಆಂಧ್ರಪ್ರದೇಶದ ಪೊಲೀಸರ ಕೆಲವು ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳದ್ದು ಇನ್ನೂ ಕಷ್ಟ: ಆಂಬುಲೆನ್ಸುಗಳನ್ನು ಬೇರೆಡೆಗೆ ತಿರುಗಿಸಬೇಕಾಯಿತು, ರದ್ದಾದ ಭೇಟಿಗಳು, ಶಸ್ತ್ರಚಿಕಿತ್ಸೆಗಳೂ ಸೇರಿ, ಅಂದಾಜು 19,000.

ತಡೆದದ್ದು ಯಾರು ಗೊತ್ತೆ? ಮಾರ್ಕಸ್ ಹಚಿನ್ಸ್ ಎಂಬ 22 ವರ್ಷದ ಇಂಗ್ಲಿಷ್ ಹುಡುಗ. ಆ ತಂತ್ರಾಂಶ ಯಾರೂ ಕೊಂಡಿರದ ಒಂದು ಜಾಲತಾಣದ ವಿಳಾಸವನ್ನು ಹುಡುಕುತ್ತಿತ್ತು. ಅವನು ಸುಮಾರು 11 ಡಾಲರ್ ಕೊಟ್ಟು ಆ ವಿಳಾಸ ಕೊಂಡ. ವಿಳಾಸ ಸಿಕ್ಕಿದ್ದೇ ತಡ, ಹರಡುವುದು ನಿಂತಿತು! ಆದರೆ ಅಷ್ಟರಲ್ಲಿ ಬೀಗ ಬಿದ್ದಿದ್ದ ಕಡತಗಳು ಅದರಿಂದ ತೆರೆಯಲಿಲ್ಲ.

ನನಗೆ ಹೊಸದಾಗಿ ತಿಳಿದ ಸಂಗತಿ ಇನ್ನೊಂದು. ತೇಪೆ ಹೊರಬಂದ ಕೂಡಲೇ, ತೂತು ಎಲ್ಲಿತ್ತೆಂದು ಕಳ್ಳರಿಗೂ ತಿಳಿಯುತ್ತದೆ. ಹಾಗಾಗಿ ತಡಮಾಡಿದವರ ಬಾಗಿಲನ್ನೇ ಹುಡುಕುತ್ತಾರೆ. ಈ ದೆವ್ವಕ್ಕೆ ಓದು ಚೆನ್ನಾಗಿಯೇ ಬರುತ್ತದೆ!

“ಹಾಗಂತ ವಾಟ್ಸಾಪಿನಲ್ಲಿ ಬಂದ ‘ಅಪ್‌ಡೇಟ್’ ಕೊಂಡಿ ಒತ್ತಬೇಡಿ ತಾತ, ಅದು ಮೋಸ. ಸೆಟ್ಟಿಂಗ್ಸ್‌ನಲ್ಲೇ ನೋಡಿ,” ಎಂದಳು. ಮೊದಲು ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಸಿ, ಅದನ್ನು ತೆಗೆದು ಬೀರುವಿನಲ್ಲಿಡಿಸಿದಳು. ಆಮೇಲೆ ಅಪ್‌ಡೇಟ್ ಶುರು. ಪರದೆ ಎರಡು ಸಲ ಆರಿ ಹತ್ತಿತು. ನನ್ನ ಎದೆ ಡವಡವ. ಮುಕ್ಕಾಲು ಗಂಟೆ, ಎರಡು ಲೋಟ ಕಾಫಿ. ಕೊನೆಗೆ ತೆರೆಯಿತು. ಬೇಲೂರು ದೇವಸ್ಥಾನದ ಮೆಟ್ಟಿಲ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳಜ್ಜಿ ಹಾಗೇ ಕೂತಿದ್ದಳು.