ವಾದನಕ್ಕೊಂದು ಪೂರ್ವರಂಗ

ನಾಟಕವು ಪ್ರಾರಂಭವಾಗುವುದಕ್ಕೆ ಮೊದಲು ನಡೆಯತಕ್ಕ ವಿಧಿಗಳಿಗೆ ಪೂರ್ವರಂಗವೆಂದು ಹೆಸರು. ಭರತಮುನಿಯು ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದಾನೆ. ವಾದ್ಯಗಾರರು ಪರದೆಯ ಹಿಂದೆ ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತು ವಾದ್ಯಗಳನ್ನು ಹದಗೊಳಿಸಿಕೊಳ್ಳಬೇಕು. ತಂತಿಗಳ ನಾದಕ್ಕೆ ಓಜಸ್ಸನ್ನು ತರುವ ‘ಪರಿಘಟ್ಟನೆ’, ಕೈಗಳ ಚಲನೆಯನ್ನು ವಿಭಾಗಿಸಿಕೊಳ್ಳುವ ‘ಸಂಘೋಟನೆ’ ಮೊದಲಾದ ಒಂಬತ್ತು ಅಂಗಗಳು ಅಲ್ಲಿಯೇ ನಡೆಯಬೇಕು. ಸಭಿಕರ ಕಣ್ಣಿಗೆ ಬೀಳದ ಈ ಕಾರ್ಯವನ್ನು ಮುನಿಯು ಪ್ರಯೋಗದ ಅಂಗವೆಂದೇ ಎಣಿಸಿದನು, ಕಾಲಹರಣವೆಂದು ಬಗೆಯಲಿಲ್ಲ.

ಈ ಅಧ್ಯಾಯವನ್ನು ನಾನು ಅನೇಕ ಸಲ ಓದಿದವನು. ಆದರೂ ಸ್ವಂತ ಮನೆಯಲ್ಲಿ ಅದರ ತಾತ್ಪರ್ಯವನ್ನು ಮರೆತೆನು. ನನ್ನ ಮೊಮ್ಮಗಳು ಗಿಟಾರ್ ಕಲಿಯುತ್ತಿದ್ದಾಳೆ. ಕಳೆದ ಮಾಗಿಯಲ್ಲಿ, ಶಾಲೆಯ ವಾರ್ಷಿಕೋತ್ಸವವು ಸಮೀಪಿಸಿದಾಗ, ಬೆಳಗಿನ ಚಳಿಯಲ್ಲಿ ಅವಳು ಒಂದೊಂದೇ ತಂತಿಯನ್ನು ಮೆಲ್ಲಗೆ ಮೀಟುತ್ತ ಕುಳಿತಿದ್ದುದನ್ನು ಕಂಡು, “ಇರುವ ಒಂದು ಗಂಟೆಯನ್ನೂ ಹೀಗೆ ಕಳೆದರೆ ಹೇಗಮ್ಮ? ನೇರವಾಗಿ ಹಾಡನ್ನೇ ನುಡಿಸು” ಎಂದು ಗದರಿದೆನು.

“ಟೀಚರು ಮೊದಲು ಇದನ್ನೇ ಮಾಡಬೇಕು ಅಂದಿದ್ದಾರೆ, ತಾತ” ಎಂದಳು.

“ಉತ್ಸವಕ್ಕೆ ಎಷ್ಟು ದಿನ ಉಳಿದಿದೆಯೆಂದು ನಿನಗೆ ನೆನಪಿದೆಯೆ?” ಎಂದೆನು. ಮಗು ಎದುರಾಡಲಿಲ್ಲ. ಅಷ್ಟಕ್ಕೇ ನಿಲ್ಲದೆ, ಅಭ್ಯಾಸದ ಅವಧಿಯನ್ನೂ ಒಮ್ಮೆಗೇ ಇಮ್ಮಡಿ ಮಾಡಿಸಿದೆನು. ಹತ್ತನೆಯ ದಿನ ಅವಳ ಎಡ ಮಣಿಕಟ್ಟು ನೋಯತೊಡಗಿತು. ವೈದ್ಯರು ಪರೀಕ್ಷಿಸಿ, ಮೂರು ವಾರ ವಾದ್ಯವನ್ನು ಮುಟ್ಟಕೂಡದೆಂದು ವಿಧಿಸಿದರು. ಉತ್ಸವದ ದಿನ ಅವಳು ಸಭೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಇತರರ ವಾದನವನ್ನು ಕೇಳಿದಳು. ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ನನ್ನಿಂದ ಈ ಲೇಖನವನ್ನು ಬರೆಯಿಸುತ್ತಿದೆ.

ವಾಚಕರು ತಮ್ಮ ಬಲ ಅಂಗೈಯನ್ನು ಎಡ ಮುಂಗೈಯ ಮೇಲೆ ಇರಿಸಿ, ಎಡಗೈಯ ಬೆರಳುಗಳನ್ನು ಆಡಿಸಿ ನೋಡಲಿ. ಬೆರಳುಗಳು ಆಡಿದಂತೆಲ್ಲ ಮುಂಗೈಯೊಳಗೆ ಚಲನೆಯು ತಿಳಿಯುತ್ತದೆ. ಬೆರಳುಗಳನ್ನು ಬಗ್ಗಿಸುವ ಬಲವಾದ ಮಾಂಸಖಂಡಗಳು ಬೆರಳುಗಳಲ್ಲಿಲ್ಲ. ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ಅಲ್ಲಿಂದ ಹೊರಟ ಕಂಡರಗಳೆಂಬ ಗಟ್ಟಿಯಾದ ಹುರಿಗಳು ಬೆರಳುಗಳನ್ನು ಸೆಳೆಯುತ್ತವೆ. ಮಣಿಕಟ್ಟಿನಲ್ಲಿರುವ ಒಂದು ಇಕ್ಕಟ್ಟಾದ ಸುರಂಗದೊಳಗೆ ಇಂತಹ 9 ಹುರಿಗಳೂ ಒಂದು ಮುಖ್ಯ ನರವೂ ಒತ್ತೊತ್ತಾಗಿ ಹಾಯುತ್ತವೆ. ಚಳಿಯಲ್ಲಿ ಕೈಗೆ ರಕ್ತಸಂಚಾರವು ಕಡಿಮೆಯಾಗುತ್ತದೆ, ನರಗಳ ವೇಗವೂ ತಗ್ಗುತ್ತದೆ. ಬೆರಳು ಹೇಳಿದಂತೆ ಕೇಳದಿರುವಾಗ ವಾದಕನು ಅರಿಯದೆಯೇ ಹೆಚ್ಚು ಬಲವನ್ನು ಹಾಕುತ್ತಾನೆ. ಅನರ್ಥವು ಅಲ್ಲಿಂದಲೇ ಮೊದಲಾಗುತ್ತದೆ.

ಹಾಗಾದರೆ ಕ್ರಮವೇನು? ಮೊದಲು ಅಂಗೈಗಳನ್ನು ಉಜ್ಜಿಕೊಳ್ಳಬೇಕು. ಚಳಿಯಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಎರಡು ನಿಮಿಷ ಕೈಗಳನ್ನು ಅದ್ದಿ ಚೆನ್ನಾಗಿ ಒರೆಸಿಕೊಳ್ಳಬೇಕು. ಭುಜಗಳನ್ನೂ ಮಣಿಕಟ್ಟುಗಳನ್ನೂ ಸಾವಕಾಶವಾಗಿ ತಿರುಗಿಸಬೇಕು. ತಣ್ಣಗಿರುವ ಬೆರಳುಗಳನ್ನು ಹಿಂದಕ್ಕೆ ಮುರಿದಂತೆ ಎಳೆಯುವುದು ಸಲ್ಲದು. ಅನಂತರ ಆರು ತಂತಿಗಳನ್ನೂ ಶ್ರುತಿಗೊಳಿಸಬೇಕು.

ಆಮೇಲೆ ಬಲಗೈ ಒಂದಕ್ಕೇ ಕೆಲಸ. ಹೆಬ್ಬೆರಳಿಗೆ ದಪ್ಪನೆಯ ಮೂರು ತಂತಿಗಳು. ತೋರುಬೆರಳು, ನಡುಬೆರಳು, ಉಂಗುರಬೆರಳುಗಳಿಗೆ ಉಳಿದ ಮೂರು. ಎಡಗೈಯಿಂದ ಏನನ್ನೂ ಒತ್ತದೆ ಇವುಗಳನ್ನು ಸರದಿಯಾಗಿ ಮೀಟಬೇಕು. ಇಟಲಿಯವನಾಗಿ ವಿಯೆನ್ನಾ ನಗರದಲ್ಲಿ ಕೀರ್ತಿ ಪಡೆದ ಮೌರೊ ಜೂಲಿಯಾನಿ ಎಂಬ ಗಿಟಾರ್ ವಿದ್ವಾಂಸನು 1812ರಲ್ಲಿ ಪ್ರಕಟಿಸಿದ ತನ್ನ ಅಭ್ಯಾಸಗ್ರಂಥದಲ್ಲಿ ಬಲಗೈಗಾಗಿಯೇ 120 ಪಾಠಗಳನ್ನು ರಚಿಸಿದ್ದಾನೆ. ಅವುಗಳಲ್ಲಿ ಎಡಗೈಗೆ ಎರಡು ಸರಳ ಸ್ವರಮೇಳಗಳಷ್ಟೇ ಕೆಲಸ. ಎಡಗೈಯ ಚಿಂತೆ ಕಡಿಮೆಯಾದರೆ ಗಮನವೆಲ್ಲ ಬಲಗೈಯಲ್ಲಿ ನೆಲೆಸುತ್ತದೆಯಲ್ಲವೆ?

ಮೂರನೆಯದಾಗಿ ಎಡಗೈ. ಗಿಟಾರಿನ ಮೆಟ್ಟುಗಳು ಒಡಲಿನ ಕಡೆಗೆ ಬಂದಂತೆ ಹತ್ತಿರ ಹತ್ತಿರವಾಗುತ್ತವೆ. ಆದಕಾರಣ ಮೊದಲನೆಯ ಮನೆಯಿಂದ ಆರಂಭಿಸಿ ಬೆರಳುಗಳನ್ನು ಹಿಗ್ಗಿಸದೆ, ಐದನೆಯ ಮನೆಯಲ್ಲಿ ತೋರುಬೆರಳನ್ನಿಟ್ಟು, ಎಂಟನೆಯದರಲ್ಲಿ ಕಿರುಬೆರಳು ಬರುವಂತೆ, ಮನೆಗೊಂದು ಬೆರಳಾಗಿ ನುಡಿಸಬೇಕು. ಮೆಟ್ಟಿನ ತೀರ ಸಮೀಪದಲ್ಲಿ ಒತ್ತಿದರೆ ಅಲ್ಪಬಲದಿಂದಲೇ ನಾದವು ಶುದ್ಧವಾಗಿ ಹೊರಡುತ್ತದೆ. ಗಡಿಯಾರದ ಸೆಕೆಂಡು ಮುಳ್ಳಿನ ಗತಿಗೆ, ಎಂದರೆ ನಿಮಿಷಕ್ಕೆ 60ರಂತೆ, ಒಂದೊಂದು ಸ್ವರ ಸಾಕು. ನಮ್ಮ ಮನೆಗಳಲ್ಲಿ ಮಕ್ಕಳು ಸರಳೆ ವರಸೆಯನ್ನು ಮೊದಲ ಕಾಲದಲ್ಲಿ ಹೇಳಿ, ಅದು ನೆಲೆಗೊಂಡ ಮೇಲೆ ಎರಡನೆಯ ಕಾಲಕ್ಕೆ ಏರುವುದನ್ನು ಎಲ್ಲರೂ ಕೇಳಿದ್ದೇವೆ. ಇಲ್ಲಿಯೂ ನ್ಯಾಯವು ಅದೇ. ಎಲ್ಲವೂ ಸೇರಿ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ.

ಇದೊಂದನ್ನೇ ವಜ್ರಕವಚವೆಂದು ನಂಬತಕ್ಕದ್ದಲ್ಲ. ಅಭ್ಯಾಸವನ್ನು ಥಟ್ಟನೆ ಹೆಚ್ಚಿಸುವುದು, ನೋವನ್ನು ನುಂಗಿಕೊಂಡು ನುಡಿಸುವುದು, ಇವೆರಡೂ ಕೈಗೆ ಶತ್ರುಗಳು. ಅರ್ಧ ಗಂಟೆಗೊಮ್ಮೆ ವಾದ್ಯವನ್ನು ಕೆಳಗಿಡಬೇಕು. ಬೆರಳು ಜುಮುಗುಟ್ಟಿದರೂ ಮರಗಟ್ಟಿದರೂ ಅಂದಿಗೆ ನಿಲ್ಲಿಸಬೇಕು. ಮರಳಿ ಮರಳಿ ಹಾಗಾದರೆ ವೈದ್ಯರನ್ನು ಕಾಣಬೇಕು. ಮಕ್ಕಳ ಹಿತವನ್ನು ಬಯಸುವ ಹಿರಿಯರು “ಬೇಗ, ಬೇಗ” ಎನ್ನುವ ಮಾತನ್ನು ಸ್ವಲ್ಪ ಬಿಗಿಹಿಡಿಯುವುದು ಲೇಸು.

ಮೊಮ್ಮಗಳು ಈಗ ಪುನಃ ನುಡಿಸುತ್ತಿದ್ದಾಳೆ. ಪೂರ್ವರಂಗವು ಮುಗಿಯದೆ ಹಾಡಿಗೆ ಕೈಯಿಡುವುದಿಲ್ಲ. ಚಳಿಯ ದಿನಗಳಲ್ಲಿ ಬಿಸಿನೀರಿನ ಪಾತ್ರೆಯನ್ನೂ ಟವಲನ್ನೂ ತಂದಿಡುವ ಕಾರ್ಯವು ನನ್ನ ಪಾಲಿಗೆ ಬಂದಿದೆ; ಅದನ್ನು ನಾನು ಒಂದು ದಿನವೂ ತಪ್ಪಿಸಿಲ್ಲ.