ಬೆಳಗಾವಿಯಿಂದ ದೇವಘರ್: ವಿಮಾನದ ದೂರ, ಪ್ರಯಾಣದ ಅವಧಿ ಮತ್ತು ಸೂರ್ಯಾಸ್ತದ ಲೆಕ್ಕ

ಸಮ್ಮೇದ ಶಿಖರ್ಜಿ ಯಾತ್ರೆಗೆ ಹೊರಡುವ ಉತ್ತರ ಕರ್ನಾಟಕದ ಶ್ರಾವಕರು ಮೊದಲು ಹುಡುಕುವುದು ಹತ್ತಿರದ ವಿಮಾನ ನಿಲ್ದಾಣವನ್ನು. 2022ರ ಜುಲೈನಲ್ಲಿ ಜಾರ್ಖಂಡಿನ ದೇವಘರ್ ನಿಲ್ದಾಣ ಆರಂಭವಾಯಿತು. ಅಲ್ಲಿಂದ ಶಿಖರ್ಜಿಯ ತಪ್ಪಲಿನ ಮಧುಬನಕ್ಕೆ ರಸ್ತೆಯಲ್ಲಿ ಸುಮಾರು 100 ಕಿ.ಮೀ.

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ದೇವಘರ್‌ಗೆ ನೇರ ಗೆರೆಯಲ್ಲಿ ಸುಮಾರು 1,580 ಕಿ.ಮೀ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದಿಟ್ಟುಕೊಂಡು, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಎರಡೂವರೆ ಗಂಟೆ. ಮೊಬೈಲಿನಲ್ಲಿ ಸಿಗುವ ಉತ್ತರ ಇದೇ. ಆದರೆ ಈ ಎರಡು ಊರುಗಳ ನಡುವೆ ನೇರ ವಿಮಾನವಿಲ್ಲ! ಬೆಂಗಳೂರಿನಲ್ಲಿ ಬದಲಿಸಿದರೆ ಹಾರುವ ದೂರವೇ ಸುಮಾರು 2,000 ಕಿ.ಮೀ., ದೆಹಲಿಯಲ್ಲಿ ಬದಲಿಸಿದರೆ ಸುಮಾರು 2,500 ಕಿ.ಮೀ. ನಡುವೆ ಕಾಯುವ ಹೊತ್ತು ಬೇರೆ. ಮನೆಯಿಂದ ಧರ್ಮಶಾಲೆಯವರೆಗೆ ಇಡೀ ದಿನ ಹಿಡಿಯುತ್ತದೆ ಎಂದೇ ತಿಳಿಯಬೇಕು. ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ಬದಲಾಗುವುದರಿಂದ, ಹೋದ ವರ್ಷ ಹೋಗಿಬಂದವರ ಮಾತನ್ನು ನಂಬಿ ಟಿಕೆಟ್ ಮಾಡಬೇಡಿ.

ಇದಕ್ಕಿಂತ ಮುಖ್ಯವಾದ ಲೆಕ್ಕ ಒಂದಿದೆ. ರಾತ್ರಿಭೋಜನ ತ್ಯಾಗ ಮಾಡಿದ ಹಿರಿಯರು ನಮ್ಮ ಬಹುತೇಕ ಮನೆಗಳಲ್ಲಿದ್ದಾರೆ. ದೇವಘರ್ ಬೆಳಗಾವಿಗಿಂತ 12 ರೇಖಾಂಶದಷ್ಟು ಪೂರ್ವಕ್ಕಿದೆ. ಒಂದು ರೇಖಾಂಶಕ್ಕೆ 4 ನಿಮಿಷದಂತೆ 48 ನಿಮಿಷ, ಅಂದರೆ ಸರಿಯಾಗಿ ಒಂದು ಮುಹೂರ್ತ. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಚಳಿಗಾಲದಲ್ಲಿ ಉತ್ತರದ ಕಡೆ ಹಗಲು ಇನ್ನೂ ಚಿಕ್ಕದಾಗುವುದರಿಂದ ಅಂತರ ಹೆಚ್ಚುತ್ತದೆ. ಡಿಸೆಂಬರ್ ಮೂರನೆಯ ವಾರ ಬೆಳಗಾವಿಯಲ್ಲಿ ಸೂರ್ಯ ಮುಳುಗುವುದು ಸಂಜೆ 6.05ರ ಸುಮಾರಿಗೆ, ಮಧುಬನದಲ್ಲಿ 5 ಗಂಟೆಗೇ. ಜೂನ್‌ನಲ್ಲಿ ಈ ಅಂತರ ಅರ್ಧ ಗಂಟೆಯಷ್ಟೇ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಸುವ ನಿಯಮವಿದ್ದವರಿಗೆ ಡಿಸೆಂಬರ್‌ನಲ್ಲಿ 4.10 ಕೊನೆಯ ಹೊತ್ತು. ಊರಿನ ಅಭ್ಯಾಸದಂತೆ ಐದೂಕಾಲಿಗೆ ಊಟ ಎಂದುಕೊಂಡವರು ಅಲ್ಲಿ ಉಪವಾಸವೇ ಮಲಗಬೇಕಾಗುತ್ತದೆ.

ಮಧ್ಯಾಹ್ನ 2 ಗಂಟೆಗೆ ದೇವಘರ್‌ನಲ್ಲಿ ಇಳಿದರೂ ಸಾಮಾನು ಪಡೆದು, ಗಾಡಿ ಹಿಡಿದು, ಗಿರಿಡೀಹ್ ದಾಟಿ ಮಧುಬನ ಮುಟ್ಟುವಷ್ಟರಲ್ಲಿ ಸಂಜೆ ಐದಾಗುತ್ತದೆ. ಧರ್ಮಶಾಲೆಯ ಭೋಜನಶಾಲೆಯನ್ನು ನೆಚ್ಚಿಕೊಳ್ಳದೆ, ವಿಮಾನ ಬದಲಿಸುವಲ್ಲಿ ಅಥವಾ ದೇವಘರ್ ಬಿಡುವ ಮೊದಲೇ ಹಿರಿಯರ ಊಟ ಮುಗಿಸುವುದು ಒಳ್ಳೆಯದು. ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಯ ಬುತ್ತಿ ಕೈಚೀಲದಲ್ಲೇ ಇರಲಿ. ದೊಡ್ಡ ಚೀಲದಲ್ಲಿಟ್ಟರೆ ಅದು ನಿಮಗೆ ಸಿಗುವುದು ದೇವಘರ್‌ನಲ್ಲೇ.

ಒಂದು ರಾತ್ರಿ ಮಧುಬನದಲ್ಲಿ ಹೆಚ್ಚು ಉಳಿಯುವಂತೆ ಟಿಕೆಟ್ ಮಾಡಿಸಿದರೆ ಇನ್ನೂ ಅನುಕೂಲ. ಬೆಟ್ಟ ಹತ್ತಲು 9 ಕಿ.ಮೀ., ಮೇಲೆ ಟೋಂಕುಗಳ ವಂದನೆಗೆ 9, ಇಳಿಯಲು 9, ಒಟ್ಟು 27 ಕಿ.ಮೀ. ನಡಿಗೆ ಕತ್ತಲಿರುವಾಗಲೇ ಶುರುವಾಗುತ್ತದೆ. ಹಿಂದಿನ ಸಂಜೆ ಊಟ ತಪ್ಪಿದ ಎಪ್ಪತ್ತರ ಅಜ್ಜಿಯನ್ನು ಆ ಚಳಿಯಲ್ಲಿ ಹೊರಡಿಸಬೇಡಿ.