ಒಂದು 'ಹರ್' ಎಬ್ಬಿಸಿದ ಗದ್ದಲ: ವ್ಯಾಕರಣದ ಪ್ರಶ್ನೆಗೆ ಸರಿಯುತ್ತರ ಯಾರದು?

ಪರೀಕ್ಷೆ ಮುಗಿಸಿ ಹೊರಬಂದ ಮಕ್ಕಳು ಗೇಟಿನ ಬಳಿ ನಿಂತು 'ಆ ಪ್ರಶ್ನೆಗೆ ಏನು ಬರೆದೆ?' ಎಂದು ವಾದಿಸುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಲೆಕ್ಕದ ಪ್ರಶ್ನೆಯಾದರೆ ವಾದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ವ್ಯಾಕರಣದ ಪ್ರಶ್ನೆಯಾದರೆ ಹಾಗಲ್ಲ. ಅಮೆರಿಕದಲ್ಲಿ ಇಂಥ ಒಂದು ವಾದ ತಿಂಗಳುಗಟ್ಟಲೆ ನಡೆದು, ಕೊನೆಗೆ ಪರೀಕ್ಷಾ ಮಂಡಳಿಯೇ ಪ್ರಶ್ನೆಯನ್ನು ಕೈಬಿಡಬೇಕಾಯಿತು.

ಅಲ್ಲಿ ಕಾಲೇಜು ಪ್ರವೇಶಕ್ಕೆ ಎಸ್‌ಎಟಿ ಎಂಬ ಪರೀಕ್ಷೆ ಇದೆ. ಅದಕ್ಕೆ ಮುನ್ನ ಹೈಸ್ಕೂಲು ಮಕ್ಕಳು ಪಿಎಸ್‌ಎಟಿ ಬರೆಯುತ್ತಾರೆ. ಇದು ಬರೀ ಅಭ್ಯಾಸ ಪರೀಕ್ಷೆಯಲ್ಲ. ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನಕ್ಕೆ ಮೊದಲ ಸುತ್ತಿನ ಆಯ್ಕೆ ಇದರ ಅಂಕಗಳ ಮೇಲೆಯೇ ನಡೆಯುತ್ತದೆ. ಕಟ್‌ಆಫ್ ಗೆರೆಯ ಹತ್ತಿರ ಇರುವ ಹುಡುಗನಿಗೆ ಒಂದು ಪ್ರಶ್ನೆಯೂ ದೊಡ್ಡದೇ.

2002ರ ಅಕ್ಟೋಬರ್ ಪರೀಕ್ಷೆಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಕೊಟ್ಟು, ಗೆರೆ ಎಳೆದ ಭಾಗಗಳಲ್ಲಿ ತಪ್ಪು ಎಲ್ಲಿದೆ, ಅಥವಾ ತಪ್ಪೇ ಇಲ್ಲವೇ ಎಂದು ಕೇಳಲಾಗಿತ್ತು. ವಾಕ್ಯ ಶುರುವಾಗುವುದು ಹೀಗೆ: 'ಟೋನಿ ಮಾರಿಸನ್ಸ್ ಜೀನಿಯಸ್ ಎನೇಬಲ್ಸ್ ಹರ್ ಟು ಕ್ರಿಯೇಟ್ ನಾವೆಲ್ಸ್...' ಅಂದರೆ, ಟೋನಿ ಮಾರಿಸನ್ ಅವರ ಪ್ರತಿಭೆಯಿಂದಾಗಿ ಅವರಿಗೆ ಇಂಥ ಕಾದಂಬರಿಗಳನ್ನು ಬರೆಯಲು ಸಾಧ್ಯವಾಗುತ್ತದೆ ಎಂದು. 1993ರಲ್ಲಿ ನೊಬೆಲ್ ಪಡೆದ ಲೇಖಕಿ ಈಕೆ. ಮಂಡಳಿಯ ಉತ್ತರ: ತಪ್ಪೇ ಇಲ್ಲ.

ಮೇರಿಲ್ಯಾಂಡ್ ರಾಜ್ಯದ ಹೈಸ್ಕೂಲು ಶಿಕ್ಷಕರೊಬ್ಬರು ಇದನ್ನು ಒಪ್ಪಲಿಲ್ಲ. 'ಹರ್' ಎಂಬುದು ಸರ್ವನಾಮ. ಸರ್ವನಾಮಕ್ಕೆ ಹಿಂದೆ ಒಂದು ನಾಮಪದ ಇರಬೇಕು. ಇಲ್ಲಿರುವುದು 'ಮಾರಿಸನ್' ಅಲ್ಲ, 'ಮಾರಿಸನ್ಸ್'. ಅದು 'ಜೀನಿಯಸ್' ಎಂಬ ಪದಕ್ಕೆ ವಿಶೇಷಣದಂತೆ ಅಂಟಿಕೊಂಡಿದೆ. ಹಾಗಾದರೆ 'ಹರ್' ಯಾರನ್ನು ತೋರಿಸುತ್ತದೆ? ಇದು ಅವರ ತಕರಾರು. ಕೆಲವು ವ್ಯಾಕರಣ ಕೈಪಿಡಿಗಳಲ್ಲಿ ಇಂಥ ನಿಯಮ ಇದ್ದದ್ದೂ ನಿಜ.

ಮಂಡಳಿ ಮೊದಲು ತನ್ನ ಉತ್ತರವನ್ನೇ ಸಮರ್ಥಿಸಿಕೊಂಡಿತು. ಶಿಕ್ಷಕರು ಬಿಡಲಿಲ್ಲ. 2003ರ ಮೇ ತಿಂಗಳಲ್ಲಿ ಮಂಡಳಿ ಪ್ರಶ್ನೆಯನ್ನು ಲೆಕ್ಕದಿಂದ ತೆಗೆದು ಅಂಕಗಳನ್ನು ಮತ್ತೆ ಲೆಕ್ಕ ಹಾಕಿತು.

ಹಾಗಾದರೆ ವಾಕ್ಯ ತಪ್ಪೇ?

ಭಾಷಾ ವಿಜ್ಞಾನಿಗಳು ಅಲ್ಲ ಎನ್ನುತ್ತಾರೆ. ಒಳ್ಳೆಯ ಲೇಖಕರೆಲ್ಲ ಶತಮಾನಗಳಿಂದ ಹೀಗೆಯೇ ಬರೆದಿದ್ದಾರೆ ಎಂಬುದು ಅವರ ವಾದ. ಅದೇ ವರ್ಷ ಈ ಪ್ರಶ್ನೆಯ ಬಗ್ಗೆ ಲೂಯಿ ಮೆನಂಡ್ ಬರೆದಾಗ, ವ್ಯಾಕರಣ ತಜ್ಞ ಜೆಫ್ರಿ ಪುಲ್ಲಮ್ ಉತ್ತರ ಬರೆದರು. ಅದರ ತಲೆಬರಹವೇ 'ಮೆನಂಡ್ಸ್ ಅಕ್ಯುಮೆನ್ ಡಿಸರ್ಟ್ಸ್ ಹಿಮ್'. ಮೆನಂಡ್ ಅವರ ಜಾಣ್ಮೆ ಅವರಿಗೇ ಕೈಕೊಟ್ಟಿತು ಎಂದರ್ಥ. ನಿಯಮದ ಪ್ರಕಾರ ಈ ತಲೆಬರಹವೂ ತಪ್ಪು. ಆದರೆ ಓದಿದವರಿಗೆ ಯಾರಿಗೂ ಗೊಂದಲವಾಗದು!

ನಮ್ಮ ಮಾತಿನಲ್ಲಿ ಇಟ್ಟು ನೋಡಿದರೆ ವಿಷಯ ಸುಲಭ. 'ಲಕ್ಷ್ಮಿಯ ಧೈರ್ಯ ಅವಳನ್ನು ಕಾಪಾಡಿತು' ಎಂದರೆ 'ಅವಳು' ಲಕ್ಷ್ಮಿಯೇ. ಧೈರ್ಯವನ್ನು ಯಾರೂ 'ಅವಳು' ಎನ್ನುವುದಿಲ್ಲ. 'ಲಕ್ಷ್ಮಿಯ ತಾಯಿ ಬಂದಾಗ ಅವಳು ಅಳುತ್ತಿದ್ದಳು' ಎಂದರೆ ಮಾತ್ರ ತೊಡಕು. ಅತ್ತವಳು ಮಗಳೋ, ತಾಯಿಯೋ? ಅಂದರೆ ದೋಷ ಇರುವುದು 'ಲಕ್ಷ್ಮಿಯ' ಎಂಬ ರೂಪದಲ್ಲಲ್ಲ, ಇಬ್ಬರು ಹೆಂಗಸರು ಒಂದೇ ವಾಕ್ಯದಲ್ಲಿ ಬಂದಿರುವುದರಲ್ಲಿ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುವ ಮಕ್ಕಳಿಗೆ ಈ ಪರೀಕ್ಷೆ ಸಹಜವಾಗಿ ಬರುತ್ತದೆ: ವಾಕ್ಯವನ್ನು ಮತ್ತೊಂದು ಭಾಷೆಗೆ ತಿರುಗಿಸಿ, ಅರ್ಥ ಎಲ್ಲಿ ಜಾರುತ್ತದೆ ನೋಡುವುದು. ಆದರೆ ಒಂದು ಎಚ್ಚರ. ಇದರಿಂದ ಅರ್ಥದ ಗೊಂದಲ ತಿಳಿಯುತ್ತದೆಯೇ ಹೊರತು ಇಂಗ್ಲಿಷಿನ ನಿಯಮ ತಿಳಿಯುವುದಿಲ್ಲ.

ವಾಕ್ಯ ಸರಿಯಿದ್ದರೂ ಪ್ರಶ್ನೆ ಕೈಬಿಟ್ಟದ್ದು ನ್ಯಾಯವೇ ಎನ್ನಬೇಕು. ಶಾಲೆಯಲ್ಲಿ ಕಲಿಸಿದ ನಿಯಮವನ್ನು ನಂಬಿ ಉತ್ತರಿಸಿದ ಮಗುವಿಗೆ ಅಂಕ ಕಳೆಯುವುದು ಸರಿಯಲ್ಲ. ತಜ್ಞರೇ ಜಗಳವಾಡುವ ಜಾಗದಲ್ಲಿ ಒಂದೇ ಉತ್ತರ ಕೇಳಬಾರದು. ತಪ್ಪು ಹುಡುಕುವ ಆ ಮಾದರಿಯ ಪ್ರಶ್ನೆಗಳು 2016ರಲ್ಲಿ ಎಸ್‌ಎಟಿಯಿಂದ ಹೋದವು. ಎಂಬಿಎ ಪ್ರವೇಶದ ಜಿಮ್ಯಾಟ್ ಕೂಡ 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ ವಾಕ್ಯ ತಿದ್ದುವ ವಿಭಾಗವನ್ನು ಬಿಟ್ಟಿತು.

ನಮ್ಮಲ್ಲೂ ಇಂಥ ವಾದ ಹೊಸತಲ್ಲ. 2024ರ ನೀಟ್‌ನಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳಿಗೆ ಅಂಕ ಕೊಡಲಾಗಿತ್ತು. ಹಳೆಯ ಪಠ್ಯಪುಸ್ತಕ ಓದಿದವರ ಉತ್ತರವೂ ಅದರಲ್ಲಿ ಸೇರಿತ್ತು. ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ತಜ್ಞರನ್ನು ಕೇಳಿತು. ಸರಿಯುತ್ತರ ಒಂದೇ ಎಂದು ತೀರ್ಮಾನವಾಗಿ, ಜುಲೈಯಲ್ಲಿ ಫಲಿತಾಂಶವೇ ಬದಲಾಯಿತು.

ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಸೇರಲು ಸಿಯುಇಟಿ ಬರೆಯುವ ಗಡಿನಾಡಿನ ಮಕ್ಕಳು ಒಂದು ಮಾತು ನೆನಪಿಡಬೇಕು. ಅಂತಿಮ ಫಲಿತಾಂಶಕ್ಕೆ ಮುನ್ನ ತಾತ್ಕಾಲಿಕ ಉತ್ತರ ಪಟ್ಟಿ ಪ್ರಕಟವಾಗುತ್ತದೆ. ನಿಗದಿತ ಶುಲ್ಕ ಕಟ್ಟಿ, ಗಡುವಿನೊಳಗೆ, ಆಧಾರ ಸಮೇತ ಆಕ್ಷೇಪ ಸಲ್ಲಿಸಬಹುದು. 'ನಮ್ಮ ಮೇಷ್ಟ್ರು ಹೀಗೆ ಹೇಳಿದ್ದರು' ಎಂದರೆ ಸಾಲದು, ಪುಸ್ತಕದ ಪುಟ ತೋರಿಸಬೇಕು. ಗೇಟಿನ ಬಳಿಯ ವಾದ ಅಲ್ಲಿಗೇ ಮುಗಿದರೆ ಅಂಕ ಬರುವುದಿಲ್ಲ.